ಗಾಡಿಯನ್ನು ಎಷ್ಟು ಎತ್ತರಿಸಬೇಕು?



ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಸೀಮೆಯಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ತೋಟದೊಳಕ್ಕೆ ತಿರುಗುವ ದಾರಿಗಳು ಮಳೆಗಾಲದಲ್ಲಿ ಎಂಥ ದುಃಸ್ಥಿತಿಯನ್ನು ಮುಟ್ಟುತ್ತವೆಂಬುದನ್ನು ಕಂಡವರಿಗೆ, ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಹರಿಯುವ ಗಾಡಿಯೊಂದು ಆ ನಾಡಿನ ಬದುಕಿಗೆ ಎಷ್ಟು ಅವಶ್ಯಕವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಂದೆ ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪುಗಳು ನಿರ್ವಹಿಸುತ್ತಿದ್ದ ಈ ಕೆಲಸಕ್ಕೆ 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯೂ ಹೆಗಲು ಕೊಟ್ಟಿತು. ಅದರ ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದರೂ, ಸೈನ್ಯದ ಹರಾಜಿನಲ್ಲಿ ಬಿಕರಿಯಾದವು, ಕೈಯಿಂದ ಕೈಗೆ ದಾಟಿದವು ಇಂದಿಗೂ ಕೊಳ್ಳಲು ಸಿಕ್ಕುತ್ತವೆ. ಇಂಥ ಹಳೆಯ ಗಾಡಿಯನ್ನು ಆಸೆಯಿಂದ ಕೊಂಡು ತಂದ ತರುಣನು ಅದರ ಕೀಲಿಕೈ ಕೈಗೆ ಬಂದ ದಿನವೇ ಕೇಳುವ ಪ್ರಶ್ನೆ, “ಎಷ್ಟು ಇಂಚು ಲಿಫ್ಟ್ ಹಾಕಿಸಲಿ?” ಎಂಬುದು. ಕೈಯಲ್ಲಿರುವ ಹಣ ಪರಿಮಿತವಾದದ್ದು, ಅಂಗಡಿಗಳಲ್ಲಿ ತೂಗುಹಾಕಿರುವ ಸಾಮಗ್ರಿ ಅಪರಿಮಿತವಾದದ್ದು. ಈ ಸನ್ನಿವೇಶದಲ್ಲಿ ವಿವೇಚನೆಯ ಕ್ರಮವೇನು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ಮೊದಲು ನಿರ್ಧರಿಸಿಕೊಳ್ಳಬೇಕಾದದ್ದು, ನಾವು ಎತ್ತರಿಸಲು ಹೊರಟಿರುವುದು ಗಾಡಿಯ ಯಾವ ಭಾಗವನ್ನು ಎಂಬುದು. ಜಿಪ್ಸಿಯಲ್ಲಾಗಲಿ ಹಳೆಯ ಮಹೀಂದ್ರ ಜೀಪಿನಲ್ಲಾಗಲಿ ಮುಂದೆಯೂ ಹಿಂದೆಯೂ ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇದ್ದು, ಅದರ ನಡುವೆ, ಸ್ವಲ್ಪ ಒಂದು ಪಕ್ಕಕ್ಕೆ, ನಮ್ಮ ಮೆಕ್ಯಾನಿಕ್ಕುಗಳು ಗುಂಡು ಎಂದು ಕರೆಯುವ ಡಿಫರೆನ್ಷಿಯಲ್ಲಿನ ಉಬ್ಬಿದ ಕವಚ ಜೋತುಕೊಂಡಿರುತ್ತದೆ. ಜಿಪ್ಸಿಗೆ ನೆಲದಿಂದ 210 ಮಿಲಿಮೀಟರು ತೆರಪುಂಟೆಂದು ತಯಾರಕರು ಹೇಳುವಾಗ ಅಳತೆ ಮಾಡಿರುವುದು ಈ ಗುಂಡಿನ ಕೆಳಗೆ. ಸ್ಪ್ರಿಂಗುಗಳನ್ನು ಬದಲಿಸಿ ಬಾಡಿಯನ್ನು ಎರಡು ಇಂಚು ಎತ್ತಿದರೂ ನಾಲ್ಕು ಇಂಚು ಎತ್ತಿದರೂ ಆಕ್ಸಲ್ ಇದ್ದಲ್ಲಿಯೇ ಇರುವುದರಿಂದ, ಆ 210 ಮಿಲಿಮೀಟರು 210 ಆಗಿಯೇ ಉಳಿಯುತ್ತದೆ. ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಹಿಂಚಕ್ರಗಳು ಕೊರೆದ ಎರಡು ಜಾಡುಗಳ ನಡುವೆ ಕೆಸರಿನ ದಿಣ್ಣೆಯೊಂದು ಉದ್ದಕ್ಕೂ ಏಳುತ್ತದಷ್ಟೆ. ಜೀಪು ಆ ಜಾಡಿಗಿಳಿದಾಗ ದಿಣ್ಣೆಯನ್ನು ಮೊದಲು ಉಳುವುದು ಈ ಗುಂಡೇ, ಬಾಡಿಯಲ್ಲ. ಇಂಥ ಕಡೆ ಸಿಕ್ಕಿಕೊಂಡ ಗಾಡಿಗೆ ಮೇಲೆ ಎಷ್ಟು ಇಂಚು ಸೇರಿಸಿದ್ದರೂ ಪ್ರಯೋಜನ ಕಾಣಿಸದು.

ಗುಂಡನ್ನು ಮೇಲೆತ್ತುವುದು ಟೈರು ಮಾತ್ರ. ಅದರ ಲೆಕ್ಕ ಸರಳವಾದದ್ದು: ಟೈರಿನ ವ್ಯಾಸ ಎಷ್ಟು ಹೆಚ್ಚುತ್ತದೆಯೋ ಅದರ ಅರ್ಧದಷ್ಟು ಆಕ್ಸಲ್ ಏರುತ್ತದೆ. 205/70 ಆರ್ 15 ಅಳತೆಯ ಟೈರಿಗೆ ಸುಮಾರು 668 ಮಿಲಿಮೀಟರು ವ್ಯಾಸ. 215/75 ಆರ್ 15ಕ್ಕೆ ಸುಮಾರು 703. 235/75 ಆರ್ 15ಕ್ಕೆ ಸುಮಾರು 733. ಆದ್ದರಿಂದ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತೊಡಿಸಿದರೆ ಆಕ್ಸಲ್ಲಿಗೆ ಸುಮಾರು 18 ಮಿಲಿಮೀಟರೂ, ಮೂರನೆಯದನ್ನು ತೊಡಿಸಿದರೆ ಸುಮಾರು 33 ಮಿಲಿಮೀಟರೂ ಎತ್ತರ ದೊರೆಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ದಿಣ್ಣೆಯನ್ನು ಗುಂಡು ಸವರಿ ಹೋಗುವುದಕ್ಕೂ ಅದರಲ್ಲಿ ನಾಟಿಕೊಂಡು ನಿಲ್ಲುವುದಕ್ಕೂ ಇರುವ ಅಂತರ ಅನೇಕ ವೇಳೆ ಇಷ್ಟೇ. ಇದರ ಬೆಲೆಯನ್ನೂ ತೆರಬೇಕಾಗುತ್ತದೆ: ಮೂರನೆಯ ಟೈರು ಒಂದು ಸುತ್ತಿಗೆ ಶೇಕಡ 10ರಷ್ಟು ಹೆಚ್ಚು ದೂರ ಉರುಳುವುದರಿಂದ ಪ್ರತಿಯೊಂದು ಗೇರೂ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ, ಸ್ಪೀಡಾಮೀಟರು ನಿಜವಾದ ವೇಗಕ್ಕಿಂತ ಕಡಮೆ ತೋರಿಸತೊಡಗುತ್ತದೆ, ಬ್ರೇಕಿನ ಮೇಲಣ ಹೊರೆಯೂ ಹೆಚ್ಚುತ್ತದೆ. ಜಿಪ್ಸಿಯ ಸಣ್ಣ ಎಂಜಿನಿಗೆ ಎರಡನೆಯ ಅಳತೆಯೇ ಸಾಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸ್ಪ್ರಿಂಗಿನಿಂದ ಎತ್ತರಿಸುವುದು ನಿರರ್ಥಕವೆ? ಹಾಗೆಂದು ನಾನು ಹೇಳುತ್ತಿಲ್ಲ. ದೊಡ್ಡ ಟೈರು ಮಡ್‌ಗಾರ್ಡಿಗೆ ತಗಲದಂತೆ ತೆರಪು ಬೇಕು; ಎರಡು ಆಕ್ಸಲ್ಲುಗಳ ನಡುವಣ ಹೊಟ್ಟೆ, ಅಂದರೆ ಎರಡಕ್ಕೂ ಎಂಜಿನಿನ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸೂ ಚಾಸಿಯ ಅಡ್ಡಪಟ್ಟಿಯೂ, ಏರಿಯ ತುದಿಯಲ್ಲಿ ಕುಳಿತುಬಿಡದಂತೆ ತಪ್ಪಿಸಬೇಕು; ಹಳ್ಳಕ್ಕೆ ಇಳಿಯುವಾಗ ಮುಂದಿನ ಬಂಪರು ಎದುರಿನ ದಡಕ್ಕೆ ಗುದ್ದಬಾರದು. ಈ ಮೂರಕ್ಕೂ ಸ್ಪ್ರಿಂಗಿನ ಎತ್ತರವೇ ಸಾಧನ. ಆದರೆ ಈ ಮೂರು ಪ್ರಯೋಜನಗಳೂ ಬಹುಮಟ್ಟಿಗೆ ಮೊದಲ ಎರಡು ಇಂಚಿನಲ್ಲಿಯೇ ಕೈಗೂಡುತ್ತವೆ. ಅಲ್ಲಿಂದ ಮುಂದಿನ ಪ್ರತಿಯೊಂದು ಇಂಚೂ ಕೊಡುವುದಕ್ಕಿಂತ ಕಸಿದುಕೊಳ್ಳುವುದೇ ಹೆಚ್ಚು.

ಕಸಿದುಕೊಳ್ಳುವುದರಲ್ಲಿ ಅಗ್ರಗಣ್ಯವಾದದ್ದು ಸ್ಥಿರತೆ. ಜಿಪ್ಸಿಯ ಎಡಬಲ ಚಕ್ರಗಳ ನಡುವಣ ಅಗಲ ಸುಮಾರು 1,300 ಮಿಲಿಮೀಟರು, ಅಂದರೆ ನಡುಗೆರೆಯಿಂದ ಒಂದೊಂದು ಪಕ್ಕಕ್ಕೆ 650. ಗಾಡಿಯ ಭಾರಕೇಂದ್ರ ನೆಲದಿಂದ 700 ಮಿಲಿಮೀಟರು ಮೇಲಿದೆಯೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಸ್ಪ್ರಿಂಗು ಟೈರುಗಳು ಅಮುಕಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯದೆ, ಅದು ಪಕ್ಕಕ್ಕೆ ಉರುಳುವ ಕೋನ ಸುಮಾರು 43 ಡಿಗ್ರಿಯಾಗುತ್ತದೆ. ಭಾರಕೇಂದ್ರವನ್ನು 50 ಮಿಲಿಮೀಟರು ಎತ್ತಿದರೆ 41ಕ್ಕೂ, 100 ಮಿಲಿಮೀಟರು ಎತ್ತಿದರೆ 39ಕ್ಕೂ ಇಳಿಯುತ್ತದೆ. ಸ್ಪ್ರಿಂಗುಗಳು ಅಮುಕಿಕೊಂಡು ಗಾಡಿ ಓಲಾಡುವ ವಾಸ್ತವಸ್ಥಿತಿಯಲ್ಲಿ ಈ ಕೋನಗಳು ಇನ್ನೂ ಕಿರಿದಾಗುತ್ತವೆ. ಕಾಫಿತೋಟದ ದಾರಿಗಳು ಬಹುಪಾಲು ಗುಡ್ಡದ ಮಗ್ಗುಲನ್ನು ಅಡ್ಡಲಾಗಿ ಕೊಯ್ದು ಹೋಗುವಂಥವು. ಕೆಳಮಗ್ಗುಲಿನ ಚಕ್ರ ಜಾಡಿನಲ್ಲಿಯೂ ಮೇಲ್ಮಗ್ಗುಲಿನ ಚಕ್ರ ಕಲ್ಲಿನ ಮೇಲೂ ಇರುವಾಗ, ಹಿಂದುಗಡೆ ಐದಾರು ಗೊಬ್ಬರದ ಮೂಟೆಗಳನ್ನೂ ಅವುಗಳ ಮೇಲೆ ಇಬ್ಬರು ಆಳುಗಳನ್ನೂ ಕೂರಿಸಿಕೊಂಡು ಸಾಗುವ ಗಾಡಿಗೆ ಆ ನಾಲ್ಕು ಡಿಗ್ರಿಗಳು ಪ್ರಾಣದ ಬೆಲೆಯುಳ್ಳವು. ಮಂದಿಯ ಕಣ್ಣಿಗೆ ಗಾಡಿ ಗಂಭೀರವಾಗಿ ಕಾಣಲೆಂದು ನಾಲ್ಕೈದು ಇಂಚು ಎತ್ತಿಸಿದವನನ್ನು ನೋಡಿದಾಗ ನನಗೆ ನಿಜವಾಗಿಯೂ ಭಯವಾಗುತ್ತದೆ, ಏಕೆಂದರೆ ಆ ಗಾಡಿಯಲ್ಲಿ ಅವನೊಬ್ಬನೇ ಕೂಡುವುದಿಲ್ಲ.

ಈಗ ಖರ್ಚಿನ ವಿಚಾರಕ್ಕೆ ಬರೋಣ. ಹೊಸ ಸಾಮಾನಿಗೆ ಒಂದು ರೂಪಾಯಿ ಕೊಡುವ ಮುನ್ನ ಹಳೆಯ ಸಾಮಾನಿನ ಸ್ಥಿತಿಯನ್ನು ಅಳೆದು ನೋಡಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪ್ರತಿಯೊಂದು ಚಕ್ರದ ಮಧ್ಯಬಿಂದುವಿನಿಂದ ಅದರ ಮೇಲಣ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಳ್ಳಿರಿ. ನೆಲದಿಂದ ಅಳೆಯಕೂಡದು, ಟೈರಿನ ಸವೆತ, ಗಾಳಿಯ ಒತ್ತಡಗಳು ಲೆಕ್ಕವನ್ನು ಕೆಡಿಸುತ್ತವೆ. ಹಳೆಯ ಗಾಡಿಗಳಲ್ಲಿ ಚಾಲಕನ ಮಗ್ಗುಲು ಕುಸಿದಿರುವುದು, ಹಿಂಭಾಗ ಕುಳಿತುಹೋಗಿರುವುದು ಅತಿ ಸಾಮಾನ್ಯ. ಕಳೆದುಹೋದ ಇಂಚನ್ನು ಮರಳಿ ಪಡೆದುದರಿಂದಲೇ ಅನೇಕರ ಅಗತ್ಯ ಪೂರೈಸಿಬಿಡುತ್ತದೆ, ಲಿಫ್ಟ್ ಕಿಟ್ಟಿನ ಮಾತೇ ಏಳುವುದಿಲ್ಲ.

ಇದಕ್ಕೆ ನಮ್ಮ ಊರುಗಳಲ್ಲಿಯೇ ಒಂದು ಹಳೆಯ ವಿದ್ಯೆಯುಂಟು. ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಬ್ಲೇಡು, ಅಂದರೆ ಜಿಪ್ಸಿಯಲ್ಲಿಯೂ ಇರುವಂಥ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಕಟ್ಟುವ ಅಂಗಡಿಗೆ ಹೋದರೆ, ಕಸುಬುದಾರನು ಬ್ಲೇಡ್‌ಸೆಟ್ಟಿನ ನಡುಬೋಲ್ಟನ್ನು ಬಿಚ್ಚಿ, ಒಂದೊಂದು ಬ್ಲೇಡನ್ನೂ ಬೇರ್ಪಡಿಸಿ, ತುಕ್ಕು ಉಜ್ಜಿ, ನೆಲದ ಮೇಲೆ ಸೀಮೆಸುಣ್ಣದಿಂದ ಬೇಕಾದ ಬಾಗನ್ನು ಬರೆದುಕೊಂಡು, ಅಡಿಗಲ್ಲಿನ ಮೇಲೆ ಬ್ಲೇಡನ್ನಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಮನಾದ ಅಂತರದಲ್ಲಿ ಸುತ್ತಿಗೆಯೇಟು ಕೊಡುತ್ತಾ ಬರುತ್ತಾನೆ. ನಡುನಡುವೆ ಅದನ್ನೆತ್ತಿ ಗೆರೆಯ ಮೇಲಿಟ್ಟು ನೋಡುತ್ತಾನೆ. ತಣ್ಣಗಿರುವಾಗಲೇ ಹೀಗೆ ಬಾಗಿಸಿದ ಬ್ಲೇಡು ಕೆಲವು ಕಾಲದ ಮೇಲೆ ಮತ್ತೆ ಸ್ವಲ್ಪ ಇಳಿಯುವುದು ನಿಜ. ಆದರೆ ಬೇಗ ಕೆಲಸ ಮುಗಿಸಲು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಬಾಗಿಸಿ, ಹಾಗೆಯೇ ಆರಲು ಬಿಡುವುದುಂಟಲ್ಲ, ಅದು ಬ್ಲೇಡನ್ನು ಕೊಂದಂತೆ. ಸಿಲಿಕಾನು ಬೆರೆತ ಸ್ಪ್ರಿಂಗ್ ಉಕ್ಕಿನ ಪುಟವಿರುವುದು ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ನಿಯತವಾದ ಶಾಖದಲ್ಲಿ ಹದಗೊಳಿಸಿದ್ದರಲ್ಲಿ. ಹದ ತಪ್ಪಿದ ಉಕ್ಕು ಬರಿಯ ಕಬ್ಬಿಣದ ಪಟ್ಟಿ. ಆದ್ದರಿಂದ ಅಂಗಡಿಯಲ್ಲಿ ಕುಲುಮೆಯೂ ಎಣ್ಣೆತೊಟ್ಟಿಯೂ ಇಲ್ಲದಿದ್ದರೆ ಸುತ್ತಿಗೆಯ ಕೆಲಸವನ್ನು ಮಾತ್ರ ಮಾಡಿಸಿರಿ, ಜ್ವಾಲೆಯನ್ನು ಹತ್ತಿರ ಸುಳಿಯಗೊಡಬೇಡಿರಿ.

ಇದಕ್ಕಿಂತ ಹೆಚ್ಚಿನ ಎತ್ತರ ಬೇಕೆನ್ನುವವರ ಮುಂದೆ ನಾಲ್ಕಾರು ಮಾರ್ಗಗಳಿವೆ. ಬ್ಲೇಡಿನ ಒಂದು ತುದಿಯನ್ನು ಚಾಸಿಗೆ ತಗಲಿಸುವ ಶಾಕಲ್ಲನ್ನು ಉದ್ದ ಮಾಡುವುದು ಎಲ್ಲಕ್ಕಿಂತ ಅಗ್ಗ. ಶಾಕಲ್ಲು ಎರಡು ಇಂಚು ಬೆಳೆದರೆ ಗಾಡಿ ಏರುವುದು ಒಂದೇ ಇಂಚು. ಅದರ ಜೊತೆಗೆ ಆಕ್ಸಲ್ಲೇ ತನ್ನ ಸುತ್ತ ತುಸು ತಿರುಗಿಬಿಡುವುದರಿಂದ ಮುಂಚಕ್ರಗಳ ಕ್ಯಾಸ್ಟರ್ ಕೋನ ಸಾಮಾನ್ಯವಾಗಿ ಕುಗ್ಗಿ, ಸ್ಟೀರಿಂಗು ತಾನಾಗಿ ನೇರಕ್ಕೆ ಮರಳುವ ಗುಣವನ್ನು ಕಳೆದುಕೊಂಡು, ಹೆದ್ದಾರಿಯಲ್ಲಿ ಗಾಡಿ ಅಲೆದಾಡತೊಡಗುತ್ತದೆ. ಆಕ್ಸಲ್ಲಿಗೂ ಬ್ಲೇಡಿಗೂ ನಡುವೆ ಉಕ್ಕಿನ ಬ್ಲಾಕನ್ನು ಇಡುವ ಪದ್ಧತಿ ಪಿಕಪ್ ವಾಹನಗಳ ಹಿಂಭಾಗಕ್ಕೆ ಮಾತ್ರ ಸಲ್ಲುವಂಥದು. ಜಿಪ್ಸಿಯಲ್ಲಿ ಬ್ಲೇಡು ಆಕ್ಸಲ್ಲಿನ ಕೆಳಗೆ ಹಾದುಹೋಗುವುದರಿಂದ ಅಲ್ಲಿ ಬ್ಲಾಕನ್ನಿಟ್ಟರೆ ಗಾಡಿ ಏರುವ ಬದಲು ಇಳಿಯುತ್ತದೆ! ಬ್ಲೇಡನ್ನು ಆಕ್ಸಲ್ಲಿನ ಕೆಳಗಿನಿಂದ ಮೇಲಕ್ಕೆ ಸ್ಥಳಾಂತರಿಸುವ ಸಾಹಸವೊಂದುಂಟು. ಅದು ಒಂದೇ ಏಟಿಗೆ ನಾಲ್ಕೈದು ಇಂಚು ಎತ್ತುತ್ತದೆ. ಹಳೆಯ ಬ್ಲೇಡುಗಳೇ ಸಾಕಾಗುವುದರಿಂದ ಅಗ್ಗವೆಂದು ತೋರುತ್ತದೆ. ಆದರೆ ಆಕ್ಸಲ್ಲಿನ ಮೇಲೆ ಹೊಸ ಪೀಠಗಳನ್ನು ಬೆಸೆಯಬೇಕು, ಸ್ಟೀರಿಂಗಿನ ಡ್ರ್ಯಾಗ್ ಲಿಂಕು ಬ್ಲೇಡಿಗೆ ತಗಲದಂತೆ ಮರುರೂಪಿಸಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಉದ್ದಗೊಳಿಸಬೇಕು, ಬ್ರೇಕು ಹಾಕಿದಾಗ ಆಕ್ಸಲ್ಲು ತಿರುಚಿಕೊಳ್ಳುವುದನ್ನು ತಡೆಯಬೇಕು. ಇವನ್ನೆಲ್ಲ ಸಮರ್ಪಕವಾಗಿ ಮಾಡಿಸುವಷ್ಟು ಹಣವುಳ್ಳವನು ಮಿತವ್ಯಯದ ಭಾಷಣವನ್ನು ಕೇಳಬೇಕಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಆ ಗಾಡಿ ರಸ್ತೆಗೆ ಯೋಗ್ಯವಲ್ಲ.

ಉಳಿದದ್ದು ಹೆಚ್ಚು ಬಾಗಿರುವ ಹೊಸ ಬ್ಲೇಡ್‌ಸೆಟ್ಟು, ಇಲ್ಲವೆ ಇದ್ದ ಸೆಟ್ಟಿಗೆ ಇನ್ನೊಂದು ಬ್ಲೇಡಿನ ಸೇರ್ಪಡೆ. ಇಲ್ಲಿ ಎಚ್ಚರದಿಂದಿರಬೇಕಾದದ್ದು ಎತ್ತರಕ್ಕಿಂತಲೂ ಬಿಗಿಯ ವಿಷಯದಲ್ಲಿ. ಸ್ಪ್ರಿಂಗು ಹೊರೆಯಷ್ಟಕ್ಕೆ ಸರಿಯಾಗಿ ಬಾಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ವಿಶದಪಡಿಸಿದ್ದಾನೆ. ಆ ಬಾಗುವಿಕೆಯನ್ನು ಆಳುವುದು ಬ್ಲೇಡಿನ ದಪ್ಪದ ಘನ. ಆರು ಮಿಲಿಮೀಟರಿನ ಬ್ಲೇಡಿನ ಬದಲು ಏಳು ಮಿಲಿಮೀಟರಿನದನ್ನು ಹಾಕಿದರೆ, ಬೇರೆಲ್ಲವೂ ಸಮನಾಗಿದ್ದಲ್ಲಿ, ಬಿಗಿ ಒಂದೂವರೆ ಪಟ್ಟನ್ನೂ ಮೀರುತ್ತದೆ. ಒಂದು ಟನ್ನಿನಷ್ಟೇ ತೂಗುವ ಜಿಪ್ಸಿಗೆ ಇಂಥ ಸ್ಪ್ರಿಂಗನ್ನು ತೊಡಿಸಿದಾಗ ಅದು ಎತ್ತರವಾಗಿ ನಿಲ್ಲುತ್ತದೆ, ಆದರೆ ಬಾಗುವುದೇ ಇಲ್ಲ. ಕಲ್ಲು ಹತ್ತುವಾಗ ಒಂದು ಚಕ್ರ ಮೇಲೆ ಹೋದರೆ ಇನ್ನೊಂದು ಕೆಳಗಿಳಿದು ನೆಲವನ್ನು ಹಿಡಿಯಬೇಕಾದದ್ದು ಗಾಳಿಯಲ್ಲಿ ತೂಗಾಡುತ್ತದೆ. ಲಾಕಿಲ್ಲದ ಡಿಫರೆನ್ಷಿಯಲ್ಲು ಶಕ್ತಿಯನ್ನೆಲ್ಲ ಆ ತೂಗಾಡುವ ಚಕ್ರಕ್ಕೇ ಸುರಿದುಬಿಡುತ್ತದೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ಮೃದುವಾಗಿ ಬಾಗುವ ತಗ್ಗು ಗಾಡಿ ದಾಟಿಹೋದ ಸ್ಥಳದಲ್ಲಿ ಬಿಗಿಯಾಗಿ ನಿಂತ ಎತ್ತರದ ಗಾಡಿ ಹಗ್ಗಕ್ಕಾಗಿ ಕಾಯುವುದರ ಕಾರಣ ಇದೇ. ನಿಮ್ಮ ಗಾಡಿಯ ಮೇಲೆ ಸದಾಕಾಲವೂ ಇರುವ ಭಾರವೆಷ್ಟು, ವಿಂಚು ಉಂಟೆ, ಉಕ್ಕಿನ ಬಂಪರು ಉಂಟೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಆ ಭಾರಕ್ಕೆ ಹೊಂದುವ ಸ್ಪ್ರಿಂಗನ್ನು ಕೇಳಿರಿ. ವರ್ಷಕ್ಕೊಮ್ಮೆ ಹೇರುವ ಹೊರೆಗಾಗಿ ವರ್ಷವೆಲ್ಲ ಬಿಗಿಯಾದ ಸ್ಪ್ರಿಂಗಿನ ಮೇಲೆ ಕುಳಿತು ಬೆನ್ನು ಮುರಿದುಕೊಳ್ಳುವುದು ಬೇಡ.

ಹಣ ಕಡಮೆಯಿದ್ದಲ್ಲಿ ನಾನು ಮೊದಲ ಮರ್ಯಾದೆ ಕೊಡುವುದು ಶಾಕ್ ಅಬ್ಸಾರ್ಬರಿಗೆ. ಸ್ಪ್ರಿಂಗು ಶಕ್ತಿಯನ್ನು ಹಿಡಿದಿಟ್ಟು ಹಿಂದಕ್ಕೆ ಕೊಡುತ್ತದೆ; ಅದನ್ನು ಎಣ್ಣೆಯ ಘರ್ಷಣೆಯಿಂದ ಶಾಖವಾಗಿ ಪರಿವರ್ತಿಸಿ ಚಕ್ರವನ್ನು ನೆಲದ ಮೇಲೆ ನಿಲ್ಲಿಸುವ ಕೆಲಸ ಶಾಕಿನದು. ಲಿಫ್ಟ್ ಮಾಡಿಸಿದವರು ಹಳೆಯ ಶಾಕನ್ನೇ ಉಳಿಸಿಕೊಳ್ಳುವುದು ಎಲ್ಲೆಲ್ಲಿಯೂ ಕಾಣುವ ದೋಷ. ಗಾಡಿ ಎರಡು ಇಂಚು ಏರಿದಾಗ ಹಳೆಯ ಶಾಕು ಆಗಲೇ ಎರಡು ಇಂಚು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಬ್ಲೇಡಿಗೆ ಮುಂಚೆಯೇ ಅದು ತನ್ನ ಮಿತಿಯನ್ನು ಮುಟ್ಟಿ ಚಕ್ರವನ್ನು ಎಳೆದು ಹಿಡಿಯುತ್ತದೆ, ಕೆಲವು ದಿನಗಳ ಮೇಲೆ ತಾನೂ ಕಿತ್ತುಕೊಳ್ಳುತ್ತದೆ. ಇಲ್ಲಿ ಅಳತೆಯೇ ಗುರು. ಹೊಸ ಸ್ಪ್ರಿಂಗನ್ನು ಕೂರಿಸಿದ ಮೇಲೆ ಶಾಕನ್ನು ಬಿಚ್ಚಿಟ್ಟು, ಚಾಸಿಗೆ ಜಾಕು ಕೊಟ್ಟು ಚಕ್ರವನ್ನು ಪೂರ್ತಿ ಜೋಲಲು ಬಿಟ್ಟು, ಶಾಕಿನ ಮೇಲಣ ಕಣ್ಣಿಗೂ ಕೆಳಗಣ ಕಣ್ಣಿಗೂ ಇರುವ ದೂರವನ್ನು ಅಳೆಯಿರಿ. ಆಮೇಲೆ ಅದೇ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಬಂಪ್ ಸ್ಟಾಪಿನ ರಬ್ಬರು ತಗಲುವಷ್ಟು ಅಮುಕಿಸಿ, ಮತ್ತೆ ಅಳೆಯಿರಿ. ಕೊಳ್ಳುವ ಶಾಕು ಮೊದಲ ಅಳತೆಗಿಂತ ಉದ್ದಕ್ಕೆ ಚಾಚಬೇಕು, ಎರಡನೆಯದಕ್ಕಿಂತ ಗಿಡ್ಡಕ್ಕೆ ಮಡಿಯಬೇಕು. ಡಬ್ಬಿಯ ಮೇಲೆ ಯಾವ ದೇಶದ ಹೆಸರಿದೆಯೆಂಬುದು ಈ ಎರಡು ಅಂಕಿಗಳ ಮುಂದೆ ಗೌಣ. ನಿಧಾನವಾಗಿ ಕಲ್ಲು ಹತ್ತಿಳಿಯುವ ತೋಟದ ಗಾಡಿಗೆ ಒಳ್ಳೆಯ ಸಾದಾ ಎಣ್ಣೆಯ ಶಾಕು ಸಾಕು. ಗಂಟೆಗಟ್ಟಲೆ ಕೊರಕಲು ರಸ್ತೆಯಲ್ಲಿ ವೇಗವಾಗಿ ಓಡುವವನಿಗೆ, ಎಣ್ಣೆ ಕಾದು ನೊರೆಗಟ್ಟಿ ಶಾಕು ಸೋತುಹೋಗುವುದರಿಂದ, ನೈಟ್ರೋಜನ್ ತುಂಬಿದ್ದು ಬೇಕಾಗುತ್ತದೆ.

ಇನ್ನು ಕಣ್ಣಿಗೆ ಬೀಳದ ಕೆಲವು ಖರ್ಚುಗಳನ್ನು ಮೊದಲೇ ತೆಗೆದಿರಿಸಬೇಕು. ಚಕ್ರ ಪೂರ್ತಿ ಜೋಲಿದಾಗಲೂ, ಸ್ಟೀರಿಂಗನ್ನು ಎರಡು ಕೊನೆಗಳಿಗೂ ತಿರುಗಿಸಿದಾಗಲೂ ಬ್ರೇಕಿನ ರಬ್ಬರುಕೊಳವೆ ಸಡಿಲವಾಗಿಯೇ ಇರತಕ್ಕದ್ದು. ಬಿಗಿಯಾದರೆ ಉದ್ದದ ಕೊಳವೆ ಹಾಕಿಸಿರಿ, ಇದರಲ್ಲಿ ಉಳಿತಾಯದ ಯೋಚನೆ ಸಲ್ಲದು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರುಪೆಟ್ಟಿಗೆಗೆ ಅಂಟಿಕೊಳ್ಳದೆ ಹಿಂದಕ್ಕೆ ಬೇರೆಯಾಗಿ ಕುಳಿತಿರುವುದರಿಂದ, ಅಲ್ಲಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಗಿಡ್ಡವಾದದ್ದು; ಗಿಡ್ಡ ಶಾಫ್ಟಿನಲ್ಲಿ ಎರಡು ಇಂಚಿನ ಏರಿಕೆಯೂ ಕಡಿದಾದ ಕೋನವನ್ನು ತರುತ್ತದೆ. ಶಾಫ್ಟಿನ ಎರಡು ತುದಿಯ ಕ್ರಾಸುಗಳ ಕೋನಗಳು ಸಮನಾಗಿದ್ದರೆ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಇಲ್ಲವಾದರೆ ನಿರ್ದಿಷ್ಟವಾದ ವೇಗಕ್ಕೆ ಬಂದೊಡನೆ ಸೀಟಿನ ಕೆಳಗೆ ಝೇಂಕಾರವೊಂದು ಆರಂಭವಾಗುತ್ತದೆ. ಆಕ್ಸಲ್ಲಿಗೂ ಬ್ಲೇಡಿಗೂ ನಡುವೆ ಇಡುವ ಓರೆಯಾದ ಉಕ್ಕಿನ ಬೆಣೆಗಳು ಹಿಂದೆ ಈ ಕೋನವನ್ನೂ, ಮುಂದೆ ಕ್ಯಾಸ್ಟರನ್ನೂ ಸರಿಪಡಿಸುತ್ತವೆ. ಬೆಲೆ ಅಲ್ಪ, ಫಲ ಬಹಳ.

ಮುಂಭಾಗದಲ್ಲಿ ಬ್ಲೇಡಿಲ್ಲದ ಗಾಡಿಗಳ ವಿಚಾರ ಸಂಕ್ಷೇಪವಾಗಿ. 2010ರಲ್ಲಿ ಬಂದ ಮಹೀಂದ್ರ ಥಾರ್ ಸಿ.ಆರ್.ಡಿ.ಇ. ಗಾಡಿಯ ಮುಂಭಾಗದಲ್ಲಿ ಟಾರ್ಷನ್ ಬಾರು ಇದ್ದು, ಅದರ ಬೋಲ್ಟನ್ನು ತಿರುಗಿಸಿದ ಮಾತ್ರಕ್ಕೆ ಕಾಸಿಲ್ಲದೆ ಎತ್ತರ ಸಿಕ್ಕುತ್ತದೆ. ಆದರೆ ಚಕ್ರ ಕೆಳಗಿಳಿಯಬೇಕಾದ ಅವಕಾಶವನ್ನು ಅಷ್ಟರಮಟ್ಟಿಗೆ ತಿಂದುಹಾಕಿ, ಪಕ್ಕದ ಶಾಫ್ಟುಗಳ ಸಂಧಿಗಳನ್ನು ಓರೆಯಲ್ಲಿ ದುಡಿಸುತ್ತದೆ. ಅಲ್ಲಿ ಒಂದು ಇಂಚಿಗೆ ತೃಪ್ತರಾಗುವುದು ಲೇಸು. 2020ರ ಥಾರಿನಲ್ಲಿಯೂ 2023ರ ಮಾರುತಿ ಜಿಮ್ನಿಯಲ್ಲಿಯೂ ಸುರುಳಿ ಸ್ಪ್ರಿಂಗುಗಳಿವೆ. ಸುರುಳಿಯ ಕೊನೆಯಲ್ಲಿ ಇಡುವ ಸ್ಪೇಸರು ಸ್ಪ್ರಿಂಗಿನ ಬಿಗಿಯನ್ನು ಬದಲಿಸದೆಯೇ ಎತ್ತರ ಕೊಡುವುದರಿಂದ ಬಡವನಿಗೆ ಅದೊಂದು ಪ್ರಾಮಾಣಿಕವಾದ ಉಪಾಯವೆಂದೇ ಹೇಳುವೆನು, ಶಾಕಿನ ಅಳತೆ ಹೊಂದುವುದಾದರೆ. ಜಿಮ್ನಿಯ ಗಟ್ಟಿ ಆಕ್ಸಲ್ಲುಗಳನ್ನು ಅಡ್ಡಡ್ಡ ಹಿಡಿದಿರುವ ಸರಳು, ಗಾಡಿ ಏರಿದಷ್ಟೂ ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಸೆಳೆಯುತ್ತದೆಂಬುದನ್ನು ಮಾತ್ರ ಗಮನದಲ್ಲಿಡಿರಿ.

ಕಾನೂನಿನ ಮಾತು ಕಹಿಯಾದರೂ ಹೇಳಲೇಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದೇಶಿಸಿದವುಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸುತ್ತದೆ. ವಿಮಾ ಸಂಸ್ಥೆಗಳೂ ಅಪಘಾತದ ಅನಂತರ ಇದನ್ನೇ ಕೆದಕಿ ನೋಡುತ್ತವೆ. ಕೆಲಸ ಹಿಡಿಯುವ ಮುನ್ನ ನಿಮ್ಮ ಆರ್.ಟಿ.ಒ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿರಿ. ಮೂಲದ ಎತ್ತರಕ್ಕೆ ಮರಳಿಸುವ ದುರಸ್ತಿಗೆ ಈ ತೊಡಕಿಲ್ಲವೆಂಬುದೂ ಅದರ ಪರವಾದ ಒಂದು ವಾದ.

ಕೆಲಸ ನಡೆಯುವಾಗ ಹತ್ತಿರವೇ ನಿಂತಿರಿ. ಬ್ಲೇಡನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು ಬೋಲ್ಟುಗಳು ಒಮ್ಮೆ ಬಿಗಿದರೆ ಎಳೆದುಕೊಳ್ಳುವಂಥವು. ಹಳೆಯವನ್ನು ಮತ್ತೆ ಹಾಕಗೊಡಬೇಡಿರಿ. ಶಾಕಲ್ಲಿನ ಬೋಲ್ಟುಗಳನ್ನು ಜಾಕಿನ ಮೇಲೆ ಪೂರ್ತಿ ಬಿಗಿಯಕೂಡದು, ಗಾಡಿ ತನ್ನ ಚಕ್ರಗಳ ಮೇಲೆ ಭಾರ ಬಿಟ್ಟು ನಿಂತ ಮೇಲೆ ಬಿಗಿಯಬೇಕು. ಇಲ್ಲವಾದರೆ ಒಳಗಿನ ರಬ್ಬರು ಬುಷ್ಷುಗಳು ಹುಟ್ಟಿನಿಂದಲೇ ತಿರುಚಿಕೊಂಡು ಬೇಗ ಹರಿಯುತ್ತವೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಸ್ಪ್ಯಾನರು ಹಾಕಿಸಿ, ಚಕ್ರಗಳ ಜೋಡಣೆಯನ್ನು ನೋಡಿಸಿರಿ. ಕೆಲಸ ಮುಗಿದ ದಿನದ ಸಂಜೆಯೇ ಗಾಡಿಯನ್ನು ಗೋಡೆಯೊಂದರ ಎದುರಿಗೆ ನಿಲ್ಲಿಸಿ ಹೆಡ್‌ಲೈಟುಗಳನ್ನು ತಗ್ಗಿಸಿಕೊಳ್ಳಿರಿ. ಎತ್ತರಿಸಿದ ಗಾಡಿಯ ಬೆಳಕು ಶಿರಾಡಿ ಘಾಟಿಯ ತಿರುವುಗಳಲ್ಲಿ ಎದುರಿನಿಂದ ಬರುವ ಲಾರಿಚಾಲಕನ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಇದನ್ನು ತಪ್ಪಿಸಲು ಬೇಕಾದದ್ದು ಒಂದು ಸ್ಕ್ರೂಡ್ರೈವರು, ಹತ್ತು ನಿಮಿಷದ ವ್ಯವಧಾನ.